ಸಪ್ರೆಸರ್ ಸದ್ದು ಅಳೆಯಲು ಯಾವ ಮೀಟರ್ ಸರಿ?

ಸಪ್ರೆಸರ್ ಅಂದರೆ ಬಂದೂಕಿನ ಬಾಯಿಗೆ ಹಾಕಿ ಸದ್ದು ತಗ್ಗಿಸುವ ಕೊಳವೆ. ಒಂದೇ ಸಪ್ರೆಸರ್‌ಗೆ ಮೂರು ಕಡೆ ಮೂರು ಸಂಖ್ಯೆ ಸಿಗುವುದು ತೀರಾ ಮಾಮೂಲಿ. ಕಂಪನಿಯವರು 131 ಡೆಸಿಬಲ್ ಅನ್ನುತ್ತಾರೆ. ಯಾರೋ ಮಾಡಿದ ವಿಡಿಯೊದಲ್ಲಿ 139 ಬರುತ್ತದೆ. ಶೂಟಿಂಗ್ ರೇಂಜಿನಲ್ಲಿ ಪಕ್ಕದ ಬೆಂಚಿನವರು ಫೋನ್ ಹಿಡಿದು ನೋಡಿ "104 ಅಷ್ಟೇ, ಕಿವಿಗೆ ಏನೂ ಬೇಕಾಗಿಲ್ಲ" ಅನ್ನುತ್ತಾರೆ. ಯಾರೂ ಬೇಕಂತ ಸುಳ್ಳು ಹೇಳುತ್ತಿಲ್ಲ. ಮೀಟರ್ ಬೇರೆ, ಮೈಕ್ ಇಟ್ಟ ಜಾಗ ಬೇರೆ, ಲೆಕ್ಕ ಹಾಕಿದ ರೀತಿ ಬೇರೆ. ಆದರೆ ಮೂರನೆಯವರ ಮಾತು ನಂಬಿ ಇಯರ್ ಮಫ್ ತೆಗೆದಿಟ್ಟರೆ ಕಿವಿಗೆ ಆಗುವ ಪೆಟ್ಟು ವಾಪಸ್ ಸರಿಹೋಗುವುದಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಶೂಟಿಂಗ್ ಹವ್ಯಾಸ ಇರುವವರು ಈಗ ಈ ಪ್ರಶ್ನೆಯನ್ನು ಜಾಸ್ತಿ ಕೇಳುತ್ತಿದ್ದಾರೆ. ಕಾರಣ ಇದೆ. 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್ ಪ್ರಕಾರ ಒಂದೊಂದು ಸಪ್ರೆಸರ್‌ಗೂ 200 ಡಾಲರ್ ತೆರಿಗೆ ಕಟ್ಟಬೇಕಿತ್ತು. 2026ರ ಜನವರಿ 1ರಿಂದ ಅದು ಸೊನ್ನೆಯಾಗಿದೆ. ಅರ್ಜಿ, ನೋಂದಣಿ, ಒಪ್ಪಿಗೆ ಎಲ್ಲ ಹಾಗೇ ಇವೆ. 42 ರಾಜ್ಯಗಳಲ್ಲಿ ಸಾಮಾನ್ಯ ಜನ ಇದನ್ನು ಇಟ್ಟುಕೊಳ್ಳಬಹುದು. ಕೊಳ್ಳುವವರು ಹೆಚ್ಚಾದಂತೆ "ಯಾವುದು ಹೆಚ್ಚು ಸದ್ದು ತಗ್ಗಿಸುತ್ತದೆ" ಅನ್ನುವ ಜಗಳವೂ ಹೆಚ್ಚಿದೆ. ಕೆಲವರು ತಾವೇ ಅಳೆದು ನೋಡೋಣ ಅಂತ ಹೊರಟಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸದ್ದನ್ನೇ ನೋಡೋಣ

ಒಂದು ಈಡಿನಲ್ಲಿ ಮೂರು ಸದ್ದುಗಳಿರುತ್ತವೆ. ಬ್ಯಾರಲ್ ಬಾಯಿಂದ ನುಗ್ಗುವ ಬಿಸಿ ಗಾಳಿಯ ಸದ್ದು ಒಂದು. ಶಬ್ದಕ್ಕಿಂತ ವೇಗವಾಗಿ ಹಾರುವ ಗುಂಡು ಗಾಳಿಯಲ್ಲಿ ಹುಟ್ಟಿಸುವ ಚಟೀರ್ ಸದ್ದು ಇನ್ನೊಂದು. ಬಂದೂಕಿನ ಒಳಭಾಗಗಳು ಓಡಾಡುವ ಸದ್ದು ಮೂರನೆಯದು. ಸಪ್ರೆಸರ್ ಕೆಲಸ ಮಾಡುವುದು ಮೊದಲನೆಯದರ ಮೇಲೆ ಮಾತ್ರ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಗುಂಡು ಅದನ್ನು ಮೀರಿದರೆ ಎಂಥ ಸಪ್ರೆಸರ್ ಹಾಕಿದರೂ ಚಟೀರ್ ಅನ್ನುವುದು ನಿಲ್ಲುವುದಿಲ್ಲ. ಆದ್ದರಿಂದ ಸಬ್‌ಸಾನಿಕ್ (ಗುಂಡು ಶಬ್ದಕ್ಕಿಂತ ನಿಧಾನ ಹೋಗುವ) ತೋಟಾ ಹಾಕಿ ಅಳೆದ ಸಂಖ್ಯೆಯನ್ನು ಮಾಮೂಲಿ ತೋಟಾದ ಸಂಖ್ಯೆ ಪಕ್ಕದಲ್ಲಿ ಇಡಬಾರದು.

ಡೆಸಿಬಲ್ ಲೆಕ್ಕವೂ ಸ್ವಲ್ಪ ಮೋಸ ಮಾಡುತ್ತದೆ. 6 ಡೆಸಿಬಲ್ ಏರಿದರೆ ಗಾಳಿಯ ಒತ್ತಡ ದುಪ್ಪಟ್ಟು. 20 ಏರಿದರೆ ಹತ್ತು ಪಟ್ಟು. 120 ಡೆಸಿಬಲ್ ಅಂದರೆ 20 ಪ್ಯಾಸ್ಕಲ್, 140 ಅಂದರೆ 200 ಪ್ಯಾಸ್ಕಲ್, 160 ಅಂದರೆ 2000. ಸಪ್ರೆಸರ್ ಇಲ್ಲದ 5.56 ಮಿಲಿಮೀಟರ್ ರೈಫಲ್ 160 ದಾಟಿಯೇ ಇರುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ಇಂಥ ಹಠಾತ್ ಸದ್ದಿಗೆ ಇಟ್ಟಿರುವ ಗೆರೆ 140 ಡೆಸಿಬಲ್ ಪೀಕ್, ಅಂದರೆ ಸದ್ದು ಮುಟ್ಟುವ ತುದಿ. ಬಹಳಷ್ಟು ಕಂಪನಿಗಳು ಜಾಹೀರಾತಿನಲ್ಲಿ ಬರೆಯುವ "ಕಿವಿಗೆ ಸೇಫ್" ಅನ್ನುವ ಮಾತು ಬಂದದ್ದು ಈ ಗೆರೆಯಿಂದಲೇ. 139 ಬಂದರೆ ಕಿವಿಗೆ ಏನೂ ಆಗುವುದಿಲ್ಲ ಅಂತ ಅದರ ಅರ್ಥ ಅಲ್ಲ. ಎಷ್ಟು ಈಡು ಹೊಡೆದಿರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಫೋನ್ ಆ್ಯಪ್: ಈ ಕೆಲಸಕ್ಕೆ ಬೇಡವೇ ಬೇಡ

ಫೋನಿನ ಮೈಕ್ ಇರುವುದು ಮಾತು ಕೇಳಿಸಿಕೊಳ್ಳುವುದಕ್ಕೆ. ಸುಮಾರು 120 ಡೆಸಿಬಲ್ ಹತ್ತಿರ ಅದು ತುಂಬಿಹೋಗುತ್ತದೆ. ಅದರಾಚೆಗೆ 130 ಇದ್ದರೂ ಅಷ್ಟೇ, 165 ಇದ್ದರೂ ಅಷ್ಟೇ. ಸಾಲದ್ದಕ್ಕೆ ಜೋರು ಸದ್ದು ಬಂದ ಕೂಡಲೇ ಫೋನ್ ತಾನೇ ವಾಲ್ಯೂಮ್ ತಗ್ಗಿಸಿಕೊಳ್ಳುತ್ತದೆ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಶೋಧನಾ ಸಂಸ್ಥೆ ನಿಯೋಶ್‌ನವರೇ ಐಫೋನಿಗೆ ಒಂದು ಒಳ್ಳೆಯ ಉಚಿತ ಆ್ಯಪ್ ಮಾಡಿದ್ದಾರೆ. ಕಾರ್ಖಾನೆಯಲ್ಲಿ ಒಂದೇ ಸಮ ಬರುವ ಸದ್ದಿಗೆ ಅದು ಚೆನ್ನಾಗಿದೆ. ಗುಂಡಿನಂಥ ಹಠಾತ್ ಸದ್ದಿಗೆ ಬಳಸಬೇಡಿ ಅಂತ ಅವರೇ ಹೇಳುತ್ತಾರೆ. ಎರಡು ಸಪ್ರೆಸರ್ ಹೋಲಿಸೋಕಾದರೂ ಆಗಲ್ವಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಎರಡಕ್ಕೂ ಮೈಕ್ ತುಂಬಿಹೋಗಿದ್ದರೆ ಹೋಲಿಸಲು ಏನು ಉಳಿಯಿತು?

ಅಂಗಡಿಯ ಸೌಂಡ್ ಮೀಟರ್

ಆನ್‌ಲೈನ್‌ನಲ್ಲಿ ನೂರು ಡಾಲರ್ ಒಳಗೆ ಸಿಗುವ ಮೀಟರ್ ಇದು. ನೋಡಲು ಥೇಟ್ ಲ್ಯಾಬ್ ಮೀಟರ್ ಥರವೇ ಇರುತ್ತದೆ. ಅದರಲ್ಲಿ "ಫಾಸ್ಟ್" ಮತ್ತು "ಸ್ಲೋ" ಅಂತ ಎರಡು ಗುಂಡಿ ಇರುತ್ತವೆ. ಮೋಸ ಹೋಗುವುದು ಇಲ್ಲೇ.

ಫಾಸ್ಟ್ ಅಂದರೆ 125 ಮಿಲಿಸೆಕೆಂಡ್. ಸ್ಲೋ ಅಂದರೆ ಒಂದು ಸೆಕೆಂಡ್. ಗುಂಡಿನ ಸದ್ದಿನ ಮುಖ್ಯ ಪೆಟ್ಟು ಮುಗಿಯುವುದಕ್ಕೆ ಕೆಲವು ಮಿಲಿಸೆಕೆಂಡ್ ಸಾಕು. ಅದರ ತುದಿ ಏರುವುದಂತೂ ಮೈಕ್ರೋಸೆಕೆಂಡ್‌ಗಳ ಲೆಕ್ಕದಲ್ಲಿ. ಒಂದು ಮಿಲಿಸೆಕೆಂಡಿನ ಪೆಟ್ಟನ್ನು 125 ಮಿಲಿಸೆಕೆಂಡಿಗೆ ಹರಡಿ ಸರಾಸರಿ ತೆಗೆದರೆ ಏನಾಗುತ್ತದೆ ನೋಡಿ. ಶಕ್ತಿ 125ರಲ್ಲಿ ಒಂದು ಪಾಲಾಗುತ್ತದೆ. ಡೆಸಿಬಲ್‌ನಲ್ಲಿ ಅದು ಸುಮಾರು 21ರಷ್ಟು ಇಳಿತ. ನಿಜವಾದ 140 ನಿಮ್ಮ ಮೀಟರಿನಲ್ಲಿ 119 ಆಗಿ ಕಾಣುತ್ತದೆ. ಮೀಟರ್ ಕೆಟ್ಟಿಲ್ಲ. ಅದು ತನ್ನ ಕೆಲಸ ಮಾಡಿದೆ, ಆದರೆ ಅದು ಬೇರೆ ಕೆಲಸ.

ಮೇಲೆ ಹೇಳಿದ 104ರಂಥ ಸಂಖ್ಯೆಗಳು ಬರುವುದು ಹೀಗೆ. ಈ ಮೀಟರಿಗೆ ದುಡ್ಡು ಹಾಕುವ ಬದಲು ಒಂದು ಒಳ್ಳೆಯ ಇಯರ್ ಮಫ್ ಕೊಂಡುಕೊಳ್ಳಿ. ರೇಂಜ್ ನಡೆಸುವವರು ಬೇಲಿಯಾಚೆ ನೆರೆಯವರಿಗೆ ಎಷ್ಟು ಸದ್ದು ಕೇಳುತ್ತದೆ ಅಂತ ನೋಡಲು ಇದನ್ನು ಬಳಸಿದರೆ ಅದು ಬೇರೆ ಮಾತು, ಅಲ್ಲಿ ಇದು ತಕ್ಕಮಟ್ಟಿಗೆ ಉಪಯೋಗಕ್ಕೆ ಬರುತ್ತದೆ.

ಹಳೆಯ ಹುಲಿಗಳು: 800ಬಿ ಮತ್ತು 2209

ಸದ್ದಿನ ಬಗ್ಗೆ ಅಮೆರಿಕದ ಸೇನೆ ಮಾಡಿದ ನಿಯಮಾವಳಿ ಮಿಲ್-ಸ್ಟ್ಯಾಂಡರ್ಡ್ 1474ಡಿ 1997ರದ್ದು. ಮೀಟರ್ 20 ಮೈಕ್ರೋಸೆಕೆಂಡ್ ಒಳಗೆ ಸದ್ದಿನ ಏರಿಕೆಯನ್ನು ಹಿಡಿಯಬೇಕು ಅಂತ ಅದು ಕೇಳುತ್ತದೆ. ಇದನ್ನು ಮುಟ್ಟುವ ಮೀಟರ್ ಅಂತ ಸಪ್ರೆಸರ್ ಜನ ವರ್ಷಗಟ್ಟಲೆ ಎರಡೇ ಹೆಸರು ಹೇಳುತ್ತಿದ್ದರು. ಲಾರ್ಸನ್ ಡೇವಿಸ್ 800ಬಿ, ಮತ್ತೆ ಡೆನ್ಮಾರ್ಕಿನ ಬ್ರೂಲ್ ಆ್ಯಂಡ್ ಕೇರ್ ಕಂಪನಿಯ 2209. ಹಳೆಯ ಕಂಪನಿ ಸಂಖ್ಯೆಗಳಲ್ಲಿ ಬಹುಪಾಲು ಇವುಗಳಿಂದಲೇ ಬಂದವು.

ಎರಡರ ತಯಾರಿಕೆಯೂ ನಿಂತು ಬಹಳ ಕಾಲವಾಗಿದೆ. ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಆಸೆಯಾಗುವುದು ಸಹಜ. ಕೊಳ್ಳುವ ಮುಂಚೆ ಎರಡು ವಿಷಯ ನೋಡಿ. ಕಾಲು ಇಂಚಿನ ಮೈಕ್ ಜೊತೆಗಿದೆಯಾ, ಅದರ ತೆಳು ಪೊರೆ ಸರಿಯಿದೆಯಾ. ಇತ್ತೀಚೆಗೆ ಕ್ಯಾಲಿಬ್ರೇಶನ್ (ಅಳತೆ ಸರಿಯಿದೆಯಾ ಅಂತ ತಾಳೆ ನೋಡುವುದು) ಆಗಿದೆಯಾ. ಮೈಕ್ ಹಾಳಾಗಿದ್ದರೆ ಮೀಟರಿನ ಬೆಲೆಗಿಂತ ಮೈಕಿನ ಬೆಲೆಯೇ ಜಾಸ್ತಿಯಾಗಬಹುದು. ಇವು ಕೊಡುವುದು ಒಂದೇ ಒಂದು ಪೀಕ್ ಸಂಖ್ಯೆ. ಸದ್ದಿನ ಆಕಾರ ಸಿಗುವುದಿಲ್ಲ. ಹಳೆಯ ಸಂಖ್ಯೆಗಳ ಜೊತೆ ಹೋಲಿಸುವ ಆಸಕ್ತಿ ಇರುವವರಿಗೆ ಮಾತ್ರ ಇದು ಅಂತ ನನ್ನ ಅಭಿಪ್ರಾಯ.

ಕೈಯಲ್ಲಿ ಹಿಡಿಯುವ ಹೊಸ ಮೀಟರ್

ಲಾರ್ಸನ್ ಡೇವಿಸ್‌ನವರೇ ಎಲ್‌ಎಕ್ಸ್‌ಟಿ ಸರಣಿಯಲ್ಲಿ ಕ್ಯೂಪಿಆರ್ ಅನ್ನುವ ಮಾದರಿಯನ್ನು ಗುಂಡಿನ ಸದ್ದಿಗೆಂದೇ ತಂದರು. ಕಾಲು ಇಂಚಿನ ಮೈಕ್, ಕೈಗೆ ಒಗ್ಗುವ ಗಾತ್ರ, ಬ್ಯಾಟರಿ. ಒಂದು ಟ್ರೈಪಾಡ್ ಇದ್ದರೆ ಕೆಲಸ ಶುರು. ಬೆಲೆ ಕೆಲವು ಸಾವಿರ ಡಾಲರ್. ಯೂಟ್ಯೂಬಿನಲ್ಲಿ ಕಾಣುವ ಎಷ್ಟೋ ಪರೀಕ್ಷೆಗಳಲ್ಲಿ ಇರುವುದು ಇದೇ.

ಇದರ ಕೊರತೆ ಇರುವುದು ಸ್ಯಾಂಪಲಿಂಗ್‌ನಲ್ಲಿ. ಸೆಕೆಂಡಿಗೆ 51,200 ಸಲ ಒತ್ತಡವನ್ನು ನೋಡುತ್ತದೆ. ಅಂದರೆ ಒಂದು ನೋಟಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು 19.5 ಮೈಕ್ರೋಸೆಕೆಂಡ್ ಅಂತರ. ಚೂಪಾದ ತುದಿ ಆ ಸಂದಿಯಲ್ಲೇ ಬಂದು ಹೋದರೆ ಮೀಟರ್ ಅದನ್ನು ಪೂರ್ತಿ ಹಿಡಿಯುವುದಿಲ್ಲ. ಬಂದ ಸಂಖ್ಯೆ ಸ್ವಲ್ಪ ಕಡಿಮೆ ಇರುತ್ತದೆ. ಸೇನೆಯ ಅದೇ ನಿಯಮಾವಳಿಯ 2015ರ ಹೊಸ ರೂಪ 1474ಇ ಸೆಕೆಂಡಿಗೆ ಕನಿಷ್ಠ 1,92,000 ಸಲ ಕೇಳುತ್ತದೆ. ಅಲ್ಲಿ ಅಂತರ 5.2 ಮೈಕ್ರೋಸೆಕೆಂಡ್.

ಹಾಗಂತ ಇದನ್ನು ತಳ್ಳಿಹಾಕಬೇಡಿ. ಒಂದೇ ದಿನ, ಒಂದೇ ರೈಫಲ್, ಒಂದೇ ಲಾಟಿನ ತೋಟಾ ಇಟ್ಟುಕೊಂಡು ಎರಡು ಸಪ್ರೆಸರ್ ಹೋಲಿಸುವುದಾದರೆ ಎರಡಕ್ಕೂ ಹೆಚ್ಚು ಕಮ್ಮಿ ಒಂದೇ ಥರದ ಕೊರತೆ ಬೀಳುತ್ತದೆ. ಕ್ಲಬ್ಬಿನಲ್ಲಿ ನಾಲ್ಕಾರು ಜನ ಸೇರಿ ಕೊಳ್ಳುವುದಾದರೆ, ಅಥವಾ ಒಂದು ವಾರಕ್ಕೆ ಬಾಡಿಗೆಗೆ ಸಿಗುವುದಾದರೆ, ನಾನು ಆರಿಸುವುದು ಇದನ್ನೇ. ಎರಡು ಸಪ್ರೆಸರ್ ನಡುವೆ ಒಂದು ಡೆಸಿಬಲ್ ವ್ಯತ್ಯಾಸ ಬಂತು ಅಂತ ತೀರ್ಪು ಕೊಡಬೇಡಿ, ಅಷ್ಟೇ. ಈಡಿನಿಂದ ಈಡಿಗೇ ಅದಕ್ಕಿಂತ ಜಾಸ್ತಿ ಏರುಪೇರು ಇರುತ್ತದೆ.

ಕಾಲು ಇಂಚಿನ ಮೈಕ್ ಮತ್ತು ಲ್ಯಾಪ್‌ಟಾಪ್

ನಿಜವಾಗಿ ತಿಳಿದುಕೊಳ್ಳುವ ಹಟ ಇರುವವರಿಗೆ ಇದು. ಮೈಕ್, ಪ್ರೀಆ್ಯಂಪ್ (ಮೈಕಿನ ಸಿಗ್ನಲ್ಲನ್ನು ಮುಂದಕ್ಕೆ ಕಳಿಸುವ ಭಾಗ), ವೇಗವಾಗಿ ಸ್ಯಾಂಪಲ್ ಮಾಡುವ ಡೇಟಾ ಪೆಟ್ಟಿಗೆ, ಲ್ಯಾಪ್‌ಟಾಪ್. ಬ್ರೂಲ್ ಆ್ಯಂಡ್ ಕೇರ್‌ನ ಪಲ್ಸ್ ವ್ಯವಸ್ಥೆ ಸೆಕೆಂಡಿಗೆ 2,62,000ದಷ್ಟು ಸಲ ನೋಡಬಲ್ಲದು. ಹಲವು ಸಪ್ರೆಸರ್ ಕಂಪನಿಗಳು ಅದಕ್ಕೆ ಹೋದದ್ದು ಇದೇ ಕಾರಣಕ್ಕೆ. ಬೆಲೆ ಕೇಳಿದರೆ ಮನೆಯವರು ಒಪ್ಪುವುದು ಕಷ್ಟ.

ಬಿಡಿಬಿಡಿಯಾಗಿ ಜೋಡಿಸಿಕೊಳ್ಳಬಹುದು, ಆದರೆ ಮೈಕ್ ವಿಷಯದಲ್ಲಿ ರಾಜಿ ಮಾಡಿಕೊಂಡರೆ ಉಳಿದದ್ದೆಲ್ಲ ದಂಡ. ಒಂದು ಲೆಕ್ಕ ನೋಡಿ. ಮಾಮೂಲಿ ಅರ್ಧ ಇಂಚಿನ ಅಳತೆ ಮೈಕ್ ಒಂದು ಪ್ಯಾಸ್ಕಲ್‌ಗೆ 50 ಮಿಲಿವೋಲ್ಟ್ ಕೊಡುತ್ತದೆ. ಅದರ ಪ್ರೀಆ್ಯಂಪ್ 5 ವೋಲ್ಟ್ ತನಕ ತಡೆದುಕೊಳ್ಳುತ್ತದೆ ಅಂತಿಟ್ಟುಕೊಳ್ಳಿ. 5 ವೋಲ್ಟ್ ಅಂದರೆ 100 ಪ್ಯಾಸ್ಕಲ್. ಡೆಸಿಬಲ್‌ನಲ್ಲಿ 134. ಅಲ್ಲಿಗೆ ಮುಗಿಯಿತು, ಅದರ ಮೇಲೆ ಬಂದದ್ದೆಲ್ಲ ಕತ್ತರಿಸಿಹೋಗುತ್ತದೆ. ಪರದೆ ಮೇಲೆ ತುದಿ ಚಪ್ಪಟೆಯಾಗಿ ಕಾಣುತ್ತದೆ. ಕಾಲು ಇಂಚಿನ, ಪ್ಯಾಸ್ಕಲ್‌ಗೆ 1 ಮಿಲಿವೋಲ್ಟ್ ಕೊಡುವ ಮೈಕ್ ಹಾಕಿದರೆ 160 ಡೆಸಿಬಲ್‌ಗೂ ಬರುವುದು 2 ವೋಲ್ಟ್ ಮಾತ್ರ. ಆರಾಮಾಗಿ ಹಿಡಿಯುತ್ತದೆ. ಹಾಡು ರೆಕಾರ್ಡ್ ಮಾಡುವ ಸ್ಟುಡಿಯೊ ಮೈಕ್, ಸ್ಪೀಕರ್ ಸರಿಹೊಂದಿಸುವ ಯುಎಸ್‌ಬಿ ಮೈಕ್ ಇವೆಲ್ಲ ಎಷ್ಟೇ ಒಳ್ಳೆಯವಾದರೂ ಈ ಕೆಲಸಕ್ಕೆ ಆಗುವುದಿಲ್ಲ.

ಇದರಿಂದ ಸಿಗುವ ದೊಡ್ಡ ಲಾಭ ಅಂದರೆ ವೇವ್‌ಫಾರ್ಮ್, ಅಂದರೆ ಒತ್ತಡದ ಏರಿಳಿತವನ್ನು ತೋರಿಸುವ ಗೆರೆ. ಪೀಕ್ ಅನ್ನುವುದು ಒಂದು ಕ್ಷಣದ ಎತ್ತರ. ಒತ್ತಡ ಎಷ್ಟು ಹೊತ್ತು ಉಳಿಯಿತು ಅನ್ನುವುದು ಅದರಲ್ಲಿ ಇಲ್ಲ. ಎರಡು ಸಪ್ರೆಸರ್‌ಗೂ 135 ಪೀಕ್ ಬರಬಹುದು. ಒಂದರ ಗೆರೆ ಸೂಜಿಯಂತೆ ಎದ್ದು ಬಿದ್ದಿರುತ್ತದೆ, ಇನ್ನೊಂದರದ್ದು ಅಗಲವಾಗಿ ನಿಧಾನಕ್ಕೆ ಇಳಿದಿರುತ್ತದೆ. ಕಿವಿಗೆ ಎರಡೂ ಒಂದೇ ಅಲ್ಲ. ಪ್ಯೂ ಸೈನ್ಸ್ ಅನ್ನುವ ಪರೀಕ್ಷಕರು ಸುಮ್ಮನೆ ಡೆಸಿಬಲ್ ಕೊಡುವ ಬದಲು ಇಡೀ ಗೆರೆ ನೋಡಿ ಸಪ್ರೆಶನ್ ರೇಟಿಂಗ್ ಅನ್ನುವ ಅಂಕ ಕೊಡುವುದು ಇದಕ್ಕೇ. ಬ್ಯಾರಲ್ ಬಾಯಿಯ ಹತ್ತಿರಕ್ಕೂ ಶೂಟರ್ ಕಿವಿಗೂ ಬೇರೆ ಬೇರೆ ನೋಡುತ್ತಾರೆ. ಒಂದೇ ಒಂದು ಸಪ್ರೆಸರ್ ಕೊಳ್ಳುವವರು ತಾವೇ ಅಳೆಯಲು ಹೋಗದೆ ಇಂಥ ಫಲಿತಾಂಶ ಓದಿ ಆರಿಸುವುದೇ ಜಾಣತನ.

ಮೈಕ್ ಎಲ್ಲಿಡಬೇಕು

ವಾಡಿಕೆಯ ಜಾಗ ಬ್ಯಾರಲ್ ಬಾಯಿಂದ ಎಡಕ್ಕೆ ಸರಿಯಾಗಿ 1 ಮೀಟರ್, ನೆಲದಿಂದ 1.6 ಮೀಟರ್ ಎತ್ತರ. ಸಪ್ರೆಸರ್ ಹಾಕಿದ ಮೇಲೆ ಬಾಯಿ ಅಂದರೆ ಸಪ್ರೆಸರ್ ತುದಿ. ಇದನ್ನು ಮರೆತು ಟ್ರೈಪಾಡ್ ಅಲ್ಲೇ ಬಿಟ್ಟರೆ ಮೈಕ್ 15-20 ಸೆಂಟಿಮೀಟರ್ ಹಿಂದೆ ಉಳಿಯುತ್ತದೆ. ಟೇಪ್ ಹಿಡಿದೇ ಅಳೆಯಿರಿ, ಕಣ್ಣಂದಾಜು ಬೇಡ. ಮೈಕಿನ ಮೂತಿ ಬ್ಯಾರಲ್ ಕಡೆಗಲ್ಲ, ಆಕಾಶದ ಕಡೆಗೆ. ಅಲೆ ಪೊರೆಯನ್ನು ಸವರಿಕೊಂಡು ಹೋಗಬೇಕು, ನೇರ ಬಡಿಯಬಾರದು.

1.6 ಮೀಟರ್ ಯಾಕೆ ಅಂದರೆ ನೆಲದ ಪ್ರತಿಧ್ವನಿ ತಡವಾಗಿ ಬರಲಿ ಅಂತ. ನೇರ ಸದ್ದು 1 ಮೀಟರ್ ಬರುತ್ತದೆ. ರೈಫಲ್ ಕೂಡ ಅದೇ ಎತ್ತರದಲ್ಲಿದ್ದರೆ, ನೆಲಕ್ಕೆ ಬಡಿದು ಬರುವ ಸದ್ದು ಸುಮಾರು 3.35 ಮೀಟರ್ ದಾರಿ ಬರಬೇಕು. ಹೆಚ್ಚುಕಮ್ಮಿ 7 ಮಿಲಿಸೆಕೆಂಡ್ ತಡ. ಅಷ್ಟರಲ್ಲಿ ಪೀಕ್ ಆಗಿಹೋಗಿರುತ್ತದೆ. ಬೆಂಚಿನ ಮೇಲೆ ಕೂತು ಹೊಡೆದರೆ ಈ ಅಂತರ ಕಡಿಮೆಯಾಗುತ್ತದೆ, ಬೆಂಚಿನ ಹಲಗೆ ಬೇರೆ ಸದ್ದನ್ನು ವಾಪಸ್ ಎಸೆಯುತ್ತದೆ. ತಗಡಿನ ಚಾವಣಿ, ಪಕ್ಕದ ಗೋಡೆ, ನಿಲ್ಲಿಸಿದ ಕಾರು ಎಲ್ಲವೂ ಅಷ್ಟೇ. ಒಳಾಂಗಣ ರೇಂಜಿನಲ್ಲಿ ಅಳೆದ ಸಂಖ್ಯೆಯನ್ನು ಬಯಲಿನ ಸಂಖ್ಯೆ ಜೊತೆ ಹೋಲಿಸಲೇಬಾರದು.

ಎರಡನೆಯ ಜಾಗ ಶೂಟರ್ ಕಿವಿ. ಕಿವಿಯಿಂದ 15 ಸೆಂಟಿಮೀಟರ್ ದೂರದಲ್ಲಿ ಮೈಕ್. ನನ್ನನ್ನು ಕೇಳಿದರೆ ಕೊಳ್ಳುವವರಿಗೆ ಇದೇ ಮುಖ್ಯ ಸಂಖ್ಯೆ, ಕಂಪನಿಗಳು ಹೆಚ್ಚಾಗಿ ಕೊಡದ ಸಂಖ್ಯೆಯೂ ಇದೇ. ಬೋಲ್ಟ್ ಆ್ಯಕ್ಷನ್ (ಈಡಿಗೊಮ್ಮೆ ಕೈಯಿಂದ ತೋಟಾ ತುಂಬುವ) ರೈಫಲ್‌ನಲ್ಲಿ ಈಡಿನ ಹೊತ್ತಿಗೆ ಹಿಂಭಾಗ ಮುಚ್ಚಿಯೇ ಇರುತ್ತದೆ. ಎಆರ್-15 ಥರದ, ಮುಂದಿನ ತೋಟಾ ತಾನೇ ತುಂಬಿಕೊಳ್ಳುವ ಸೆಮಿ ಆಟೋಮ್ಯಾಟಿಕ್‌ನಲ್ಲಿ ಸಪ್ರೆಸರ್ ಒತ್ತಡವನ್ನು ಹಿಂದಕ್ಕೆ ತಳ್ಳುತ್ತದೆ, ಖಾಲಿ ಕೇಸ್ ಹೊರಬೀಳುವ ಕಿಂಡಿಯಿಂದ ಗಾಳಿ ಸದ್ದು ಮಾಡುತ್ತಾ ಮುಖದ ಪಕ್ಕಕ್ಕೇ ಬರುತ್ತದೆ. ಮುಂದೆ ಬಹಳ ಸದ್ದಡಗಿಸುವ ಸಪ್ರೆಸರ್ ಕಿವಿಯ ಹತ್ತಿರ ಹಿಂದೆ ಬೀಳುವುದು ಹೀಗೆ. ಕಿಂಡಿ ಬಲಕ್ಕಿರುವುದರಿಂದ ಬಲಗಿವಿಯ ಹತ್ತಿರವೂ ಒಂದು ಸಲ ಅಳೆಯಿರಿ.

ಸಾರ್ವಜನಿಕ ರೇಂಜಿನಲ್ಲಿ ಎಡಕ್ಕೆ 1 ಮೀಟರ್ ಅಂದರೆ ಪಕ್ಕದವರ ಜಾಗ. ಅವರ ಈಡೂ ನಿಮ್ಮ ಮೀಟರಿಗೆ ಬೀಳುತ್ತದೆ. ಟ್ರೈಪಾಡನ್ನು ಫೈರಿಂಗ್ ಲೈನಿನಿಂದ ಮುಂದಕ್ಕೆ ಇಡಬೇಕಾದರೆ ರೇಂಜ್ ಆಫೀಸರ್ ಎಲ್ಲರ ಶೂಟಿಂಗ್ ನಿಲ್ಲಿಸಬೇಕು. ಮೊದಲೇ ಕೇಳಿ ಬೇರೆ ಬೇ (ರೇಂಜಿನ ಪ್ರತ್ಯೇಕ ಭಾಗ) ತೆಗೆದುಕೊಳ್ಳುವುದು ಒಳ್ಳೆಯದು. ಸಪ್ರೆಸರ್ ಬದಲಾಯಿಸುವಾಗ ದಪ್ಪ ಗ್ಲೌಸ್ ಇರಲಿ, ಕೆಲವೇ ಈಡಿಗೆ ಕಾದು ಕೆಂಡದಂತಾಗಿರುತ್ತದೆ.

ಎ, ಸಿ, ಜೆಡ್

ಡಿಬಿ (ಡೆಸಿಬಲ್) ಪಕ್ಕದಲ್ಲಿ ಒಂದು ಅಕ್ಷರ ಇರುತ್ತದೆ. ಎ ಅಂದರೆ ತಗ್ಗು ಸ್ವರಗಳನ್ನು ಕಡಿಮೆ ಮಾಡಿ ತೋರಿಸುವ ಸೋಸುವಿಕೆ. ಜೆಡ್ ಅಂದರೆ ಸೋಸದೇ ಇದ್ದದ್ದು ಇದ್ದಹಾಗೆ. ಸಿ ಎರಡರ ನಡುವೆ. ಹಳೆಯ ಸಂಖ್ಯೆಗಳು ಬಹುಪಾಲು ಎ. ಈಗಿನ ಒಳ್ಳೆಯ ಪರೀಕ್ಷೆಗಳು ಸೋಸದ ಪೀಕ್ ಕೊಡುತ್ತವೆ. ಅಕ್ಷರ ಬರೆಯದ ಸಂಖ್ಯೆ ಸಿಕ್ಕಿದರೆ ಅದನ್ನು ಹೋಲಿಕೆಗೆ ತೆಗೆದುಕೊಳ್ಳಬೇಡಿ.

ಕೊಡಗಿನ ಓದುಗರಿಗೆ ಒಂದು ಮಾತು

ಊರಿನಲ್ಲಿ ಸಪ್ರೆಸರ್ ಸಾಮಾನ್ಯರಿಗೆ ಸಿಗುವ ವಸ್ತುವಲ್ಲ. ಆದರೆ ಕೊಡವರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ಜೋರಾಗಿ ನಡೆಯುತ್ತವೆ. ತೋಟಾಕೋವಿಯ ಸದ್ದು 140ರ ಗೆರೆಯನ್ನು ಸುಲಭವಾಗಿ ದಾಟುತ್ತದೆ. ಹೊಡೆಯುವವರ ಕಿವಿಯಷ್ಟೇ ಪಕ್ಕದಲ್ಲಿ ನಿಂತ ಮಕ್ಕಳ ಕಿವಿಯೂ ಮುಖ್ಯ. ಅಲ್ಲಿ ಯಾವ ಮೀಟರೂ ಬೇಡ, ಒಂದು ಡಬ್ಬಿ ಇಯರ್ ಪ್ಲಗ್ ತಂದು ಹಂಚಿದರೆ ಸಾಕು. ಅಮೆರಿಕದಲ್ಲಿ ನಿಯೋಶ್ ಸಲಹೆ ಪ್ಲಗ್ ಮತ್ತು ಮಫ್ ಎರಡನ್ನೂ ಒಟ್ಟಿಗೆ ಹಾಕಿಕೊಳ್ಳಿ ಅಂತ. ಅಳೆಯುವ ದಿನವೂ ಅದನ್ನೇ ಮಾಡಿ.

ಲೆಕ್ಕ ಬರೆದಿಡುವ ರೀತಿ

ಶುರುವಿಗೆ ಮುಂಚೆ ಮತ್ತು ಮುಗಿದ ಮೇಲೆ ಕ್ಯಾಲಿಬ್ರೇಟರ್ ಹಾಕಿ ನೋಡಿ. 94 ಅಥವಾ 114 ಡೆಸಿಬಲ್‌ನ ಒಂದೇ ಸ್ವರ ಕೊಡುವ ಪುಟ್ಟ ಡಬ್ಬಿ ಅದು. ಎರಡು ಸಲವೂ ಒಂದೇ ಸಂಖ್ಯೆ ಬರದಿದ್ದರೆ ಆ ದಿನದ ಅಳತೆ ಬಿಟ್ಟುಬಿಡಿ. ಬಿಸಿಲು, ಗಾಳಿ, ಬ್ಯಾರಲ್ ಉದ್ದ, ತೋಟಾದ ಲಾಟ್ ನಂಬರ್ ಬರೆದುಕೊಳ್ಳಿ. ಬ್ಯಾರಲ್ ಗಿಡ್ಡವಾದಷ್ಟೂ ಬಾಯಿಯ ಒತ್ತಡ ಜಾಸ್ತಿ, ಹಾಗಾಗಿ 10 ಇಂಚಿನ ಸಂಖ್ಯೆಗೂ 16 ಇಂಚಿನ ಸಂಖ್ಯೆಗೂ ತಾಳೆ ಇರುವುದಿಲ್ಲ. ಸಪ್ರೆಸರ್ ಇಲ್ಲದೆಯೂ ಕೆಲವು ಈಡು ಅಳೆಯಿರಿ. ಅದಿಲ್ಲದೆ ಎಷ್ಟು ಇಳಿಯಿತು ಅಂತ ಹೇಳಲು ಆಗುವುದಿಲ್ಲ.

ಮೊದಲ ಈಡು ಯಾವಾಗಲೂ ಬೇರೆ. ಸಪ್ರೆಸರ್ ಒಳಗೆ ಮಾಮೂಲಿ ಗಾಳಿ ಇರುತ್ತದೆ. ಅದರಲ್ಲಿರುವ ಆಮ್ಲಜನಕ ಸಿಕ್ಕಿದ್ದೇ ಉರಿಯದೆ ಉಳಿದ ಮದ್ದು ಅಲ್ಲೇ ಇನ್ನೊಂದು ಸಲ ಉರಿದು ಸದ್ದು ಏರುತ್ತದೆ. ಎರಡನೆಯ ಈಡಿನ ಹೊತ್ತಿಗೆ ಒಳಗಿನ ಆಮ್ಲಜನಕ ಬಹುಪಾಲು ಖಾಲಿ. ಆದ್ದರಿಂದ ಸರಾಸರಿಯಲ್ಲಿ ಇದನ್ನು ಕಲಸಿದರೆ ಎರಡೂ ಹಾಳು. ಐದು ಈಡಿನಲ್ಲಿ ಮೊದಲನೆಯದು 140, ಉಳಿದ ನಾಲ್ಕು 130 ಬಂದವು ಅಂದುಕೊಳ್ಳಿ. ಸುಮ್ನೆ ಕೂಡಿ ಭಾಗಿಸಿದರೆ 132. ಶಕ್ತಿಯ ಲೆಕ್ಕದಲ್ಲಿ ಸರಾಸರಿ ತೆಗೆದರೆ 134.5. ಯಾವ ಸರಾಸರಿ ಅಂತ ಹೇಳದೆ ಕೊಟ್ಟರೆ ಓದುವವರಿಗೆ ಗೊಂದಲ. ಬೇಟೆಗೆ ಹೋಗುವವರಿಗಂತೂ ಬೇಕಾಗಿರುವುದು ಆ 140, ಯಾಕಂದರೆ ಅವರು ಹೆಚ್ಚಾಗಿ ಹೊಡೆಯುವುದೇ ಒಂದು ಈಡು. ಮೊದಲ ಈಡಿಗೆ ಒಂದು ಕಾಲಂ ಬೇರೆಯೇ ಇಟ್ಟು, ಉಳಿದ ನಾಲ್ಕನ್ನು ಬಿಡಿಬಿಡಿಯಾಗಿ ಬರೆಯಿರಿ. ಒಂದು ಸಪ್ರೆಸರ್‌ನಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಒಳಗಿನ ಹೊಗೆ ಹೋಗಿ ಹೊಸ ಗಾಳಿ ತುಂಬುವಷ್ಟು ಹೊತ್ತು ಕಾಯಿರಿ.